ಬೇಲಿಯ ಎಲ್ಮ್ ಮರದಿಂದ ಬಿಲ್ಲು

ಅಮೆರಿಕದ ಕೊಲೊರಾಡೊ, ನ್ಯೂ ಮೆಕ್ಸಿಕೊ, ಕ್ಯಾನ್ಸಸ್ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರೆಲ್ಲ ಸೈಬೀರಿಯನ್ ಎಲ್ಮ್ ಮರವನ್ನು ನೋಡಿಯೇ ಇರುತ್ತಾರೆ. ಹೆಸರು ಗೊತ್ತಿಲ್ಲದಿರಬಹುದು, ಅಷ್ಟೆ. ಬೇಲಿಯ ಸಂದಿಯಲ್ಲಿ, ಗ್ಯಾರೇಜಿನ ಹಿಂದೆ, ಕಾಲುವೆಯ ದಡದಲ್ಲಿ ಯಾರೂ ನೆಡದೆ ಹುಟ್ಟಿಕೊಳ್ಳುವ ಮರ ಅದು. ನೋಡನೋಡುತ್ತ ಆಳೆತ್ತರ ಮೀರುತ್ತದೆ. ವಸಂತದಲ್ಲಿ ತೆಳ್ಳನೆಯ ದುಂಡು ರೆಕ್ಕೆಯ ಬೀಜಗಳನ್ನು ಅಂಗಳದ ತುಂಬ ಸುರಿಯುತ್ತದೆ. ಗಾಳಿ ಜೋರಾದರೆ ಕೊಂಬೆ ಮುರಿದು ಬೀಳುತ್ತದೆ. ಬೇಡದ ಮರವೆಂದು ಜನ ಅದನ್ನು ಕಡಿದು, ಪುಡಿ ಮಾಡಿಸಿ ಸಾಗಹಾಕುತ್ತಾರೆ. ಆದರೆ ಆ ಕಾಂಡದೊಳಗೆ ಬಿಲ್ಲಿಗೆ ಬೇಕಾದ ಗುಣಗಳೆಲ್ಲ ಇವೆ. ಮೊದಲ ಸಲ ಮರದ ಬಿಲ್ಲು ಮಾಡಲು ಹೊರಟವರಿಗೆ ಇಷ್ಟು ಸುಲಭವಾಗಿ ಸಿಗುವ, ಇಷ್ಟು ತಪ್ಪುಗಳನ್ನು ತಾಳಿಕೊಳ್ಳುವ ಮರ ಅಲ್ಲಿ ಬೇರೆ ಕಡಿಮೆ.

ಮಧ್ಯ ಏಷ್ಯಾ ಮತ್ತು ಸೈಬೀರಿಯಾದ ಈ ಮರ ಅಮೆರಿಕದಲ್ಲಿ ಇಷ್ಟೊಂದು ಹರಡಿದ್ದಕ್ಕೆ ಕಾರಣವಿದೆ. ತೊಗಟೆಯೊಳಗೆ ಕೊರೆಯುವ ಜೀರುಂಡೆ ಹೊತ್ತು ತಿರುಗುವ ಒಂದು ಶಿಲೀಂಧ್ರದಿಂದ ಡಚ್ ಎಲ್ಮ್ ರೋಗ ಬರುತ್ತದೆ. 1930ರಲ್ಲಿ ಒಹಾಯೊ ರಾಜ್ಯದಲ್ಲಿ ಕಾಣಿಸಿಕೊಂಡ ಈ ರೋಗ, ಮುಂದಿನ ದಶಕಗಳಲ್ಲಿ ಊರೂರಿನ ಬೀದಿಗಳಿಗೆ ನೆರಳಾಗಿದ್ದ ಅಮೆರಿಕನ್ ಎಲ್ಮ್‌ಗಳನ್ನು ಸಾಲುಸಾಲಾಗಿ ಒಣಗಿಸಿತು. 1930ರ ದಶಕದಲ್ಲೇ ಬಯಲು ರಾಜ್ಯಗಳ ಹೊಲದ ಮಣ್ಣು ದೂಳಿನ ಬಿರುಗಾಳಿಗೆ ಹಾರಿಹೋಗುತ್ತಿತ್ತು. ಗಾಳಿ ತಡೆಯಲು ರೂಸ್‌ವೆಲ್ಟ್ ಸರ್ಕಾರ 1935ರಿಂದ 1942ರವರೆಗೆ ಮೈಲಿಗಟ್ಟಲೆ ಮರದ ಸಾಲು ನೆಡಿಸಿತು. ಬರ, ಚಳಿ, ಡಚ್ ಎಲ್ಮ್ ರೋಗ ಮೂರನ್ನೂ ತಾಳಿಕೊಳ್ಳುವ ಸೈಬೀರಿಯನ್ ಎಲ್ಮ್ ಆ ಸಾಲುಗಳಲ್ಲಿ ಧಾರಾಳವಾಗಿ ಸೇರಿತು. ನ್ಯೂ ಮೆಕ್ಸಿಕೊದ ಗವರ್ನರ್ ಆಗಿದ್ದ ಕ್ಲೈಡ್ ಟಿಂಗ್ಲಿ ಆಲ್ಬುಕರ್ಕಿ ನಗರದ ತುಂಬ ಇದನ್ನೇ ನೆಡಿಸಿದರು. ಅದೇ ರಾಜ್ಯದಲ್ಲಿ ಈಗ ಅದು ಕಳೆ ಗಿಡಗಳ ಅಧಿಕೃತ ಪಟ್ಟಿಯಲ್ಲಿದೆ. ಕಡಿದರೆ ಬೇಸರಪಡುವವರಿಲ್ಲದ ಮರ ಎಂಬುದು ಬಿಲ್ಲು ಮಾಡುವವರಿಗೆ ದೊಡ್ಡ ಅನುಕೂಲ.

ಎಲ್ಮ್ ಬಿಲ್ಲು ಹೊಸದೇನಲ್ಲ. ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಜೌಗಿನಲ್ಲಿ 1944ರಲ್ಲಿ ಸಿಕ್ಕ, ಸುಮಾರು 9000 ವರ್ಷ ಹಳೆಯ ಬಿಲ್ಲುಗಳು ಎಲ್ಮ್ ಮರದವೇ. ಯೂರೋಪಿನಲ್ಲಿ ಈವರೆಗೆ ಸಿಕ್ಕ ಅತಿ ಹಳೆಯ ಬಿಲ್ಲುಗಳ ಸಾಲಿಗೆ ಅವು ಸೇರುತ್ತವೆ. 1188ರಲ್ಲಿ ವೇಲ್ಸ್ ನಾಡನ್ನು ಸುತ್ತಿದ ಪಾದ್ರಿ ಜೆರಾಲ್ಡ್, ಗ್ವೆಂಟ್ ಸೀಮೆಯವರ ಬಿಲ್ಲು ಯೂ ಮರದ್ದಲ್ಲ, ಕಾಡು ಎಲ್ಮ್‌ನದು, ನೋಟಕ್ಕೆ ಒರಟು, ಹೊಡೆತಕ್ಕೆ ಬಲು ಗಟ್ಟಿ ಎಂದು ಬರೆದಿಟ್ಟಿದ್ದಾನೆ. ಅಬರ್ಗೆವೆನಿ ಕೋಟೆಯ ದಪ್ಪ ಓಕ್ ಬಾಗಿಲನ್ನು ಅಂಬು ತೂರಿಕೊಂಡು ಹೋದ ಸಂಗತಿಯೂ ಅವನ ಬರಹದಲ್ಲೇ ಇದೆ.

ಎಲ್ಮ್ ಏಕೆ ಒಳ್ಳೆಯದು

ಬಿಲ್ಲನ್ನು ಎಳೆದಾಗ ಗುರಿಯ ಕಡೆಗಿರುವ ಮೈ ಹಿಗ್ಗುತ್ತದೆ, ನಮ್ಮ ಕಡೆಗಿರುವ ಮೈ ಕುಗ್ಗುತ್ತದೆ. ಹಿಗ್ಗುವ ಮೈಯನ್ನು ಬೆನ್ನು ಎನ್ನೋಣ, ಕುಗ್ಗುವ ಮೈಯನ್ನು ಹೊಟ್ಟೆ ಎನ್ನೋಣ. ಬಿಲ್ಲು ಹಠಾತ್ತನೆ ಮುರಿಯುವುದು ಹೆಚ್ಚಾಗಿ ಬೆನ್ನಿನ ಕಡೆಯಿಂದ. ಅಲ್ಲಿ ಒಂದು ನಾರು ಎದ್ದರೆ ಸಾಕು, ಸೀಳು ಓಡುತ್ತದೆ. ಎಲ್ಮ್‌ನ ನಾರುಗಳು ಹೆಣೆದ ಜಡೆಯಂತೆ ಒಂದರೊಳಗೊಂದು ಸಿಕ್ಕಿಕೊಂಡಿರುವುದರಿಂದ ಎದ್ದ ಸಿಬರು ದೂರ ಓಡುವುದಿಲ್ಲ. ಸೌದೆ ಸೀಳುವವರು ಈ ಮರವನ್ನು ಶಪಿಸುವುದಕ್ಕೂ ಇದೇ ಕಾರಣ.

ಇನ್ನೊಂದು ಅನುಕೂಲವೂ ಇದೆ. ಅಮೆರಿಕದಲ್ಲಿ ಬಿಲ್ಲಿಗೆ ಹೆಸರಾದ ಓಸೇಜ್ ಆರೆಂಜ್ ಮರವನ್ನು ಬಳಸುವಾಗ, ಸಾಮಾನ್ಯವಾಗಿ ಹೊರಗಿನ ಬಿಳಿ ಭಾಗವನ್ನೆಲ್ಲ ಕೆತ್ತಿ, ಒಳಗಿನ ಚೇಗಿನ ಒಂದೇ ಒಂದು ವಾರ್ಷಿಕ ಉಂಗುರವನ್ನು ಕೊನೆಯಿಂದ ಕೊನೆಯವರೆಗೆ ಗಾಯವಾಗದಂತೆ ಉಳಿಸಿಕೊಂಡು ಬರಬೇಕು. ಹೊಸಬರಿಗೆ ಅದೇ ಒಂದು ವಾರದ ತಪಸ್ಸು. ಎಲ್ಮ್‌ನಲ್ಲಿ ಈ ತಾಪತ್ರಯವಿಲ್ಲ. ತೊಗಟೆ ತೆಗೆದಾಗ ಕಾಣುವ ಮೈಯೇ ಬಿಲ್ಲಿನ ಬೆನ್ನು. ಪ್ರಕೃತಿಯೇ ಒಂದು ಉಂಗುರವನ್ನು ಅಖಂಡವಾಗಿ ಮಾಡಿಕೊಟ್ಟಿರುತ್ತದೆ, ಅದನ್ನು ಮುಟ್ಟದೆ ಬಿಡುವುದಷ್ಟೇ ನಮ್ಮ ಪಾಲಿನ ಕೆಲಸ.

ಎಲ್ಮ್ ಸೋಲುವುದು ಹೊಟ್ಟೆಯ ಕಡೆ. ಹಿಗ್ಗುವಷ್ಟು ಚೆನ್ನಾಗಿ ಅದು ಕುಗ್ಗಲಾರದು. ಹಾಗಾಗಿ ಇಂಗ್ಲಿಷ್ ಲಾಂಗ್‌ಬೋ ಮಾದರಿಯ ಅಗಲ ಕಡಿಮೆಯ, ದುಂಡು ಹೊಟ್ಟೆಯ ಬಿಲ್ಲು ಇದಕ್ಕೆ ಹೊಂದದು. ಅಗಲ ತೋಳಿನ, ಚಪ್ಪಟೆ ಹೊಟ್ಟೆಯ ಬಿಲ್ಲು ಬೇಕು. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್, ಪಾಲ್ ಕ್ಲಾಪ್‌ಸ್ಟೆಗ್ ಮೊದಲಾದ ವಿಜ್ಞಾನಿಗಳು ಅಳೆದು ನೋಡಿ ಹೇಳಿದ್ದೂ ಇದನ್ನೇ: ಚಪ್ಪಟೆ ಹೊಟ್ಟೆಯಲ್ಲಿ ಒತ್ತಡ ಅಗಲಕ್ಕೂ ಹಂಚಿಹೋಗುತ್ತದೆ, ದುಂಡು ಹೊಟ್ಟೆಯಲ್ಲಿ ಏಣಿನ ಒಂದು ಗೆರೆಯ ಮೇಲೆ ಬೀಳುತ್ತದೆ.

ಮರ ಹುಡುಕುವುದು, ಕಡಿಯುವುದು

ಐದರಿಂದ ಎಂಟು ಇಂಚು ವ್ಯಾಸದ ಕಾಂಡ ಹುಡುಕಿ. ಮೂರು ಇಂಚಿಗಿಂತ ಸಣ್ಣದಾದರೆ ಬೆನ್ನು ತೀರ ದುಂಡಗಾಗಿ, ಹಿಗ್ಗುವ ಭಾರವೆಲ್ಲ ಅದರ ನೆತ್ತಿಯ ಮೇಲೆ ಬೀಳುತ್ತದೆ. ಆರು ಅಡಿಯಷ್ಟು ಉದ್ದಕ್ಕೆ ಕೊಂಬೆಯಿಲ್ಲದೆ, ನೆಟ್ಟಗೆ, ಒಂದು ಕಡೆಗಾದರೂ ಗಂಟಿಲ್ಲದೆ ಇರಬೇಕು. ತೊಗಟೆಯ ಬಿರುಕುಗಳನ್ನು ಗಮನಿಸಿ. ಅವು ನೇರ ಮೇಲಕ್ಕೆ ಹೋಗಿದ್ದರೆ ಒಳಗಿನ ನಾರೂ ನೇರ. ಕಾಂಡವನ್ನು ಸುತ್ತಿಕೊಂಡು ಮೇಲೇರಿದ್ದರೆ ಮರ ತಿರುಚಿದೆ, ಬಿಟ್ಟುಬಿಡಿ. ವಾಲಿ ಬೆಳೆದ ಮರವೂ ಬೇಡ, ಒಣಗುವಾಗ ಅದು ಎತ್ತ ಬಾಗುತ್ತದೆಂದು ಹೇಳಲಾಗದು. ಬಿರುಗಾಳಿಗೆ ಮುರಿದು ಬಿದ್ದ ಕಾಂಡದೊಳಗೆ ಕಣ್ಣಿಗೆ ಕಾಣದ ಅಡ್ಡ ಬಿರುಕುಗಳಿರುವ ಅಪಾಯವುಂಟು. ನಿಂತಲ್ಲೇ ಒಣಗಿದ ಮರ ಒಳಗೆ ಲಡ್ಡಾಗಿರಬಹುದು. ಬದುಕಿರುವ ಮರವನ್ನೇ ಕಡಿಯುವುದು ಉತ್ತಮ.

ಯಾವ ಎಲ್ಮ್ ಎಂದು ಎಲೆ ಇರುವಾಗಲೇ ನೋಡಿ ಗುರುತು ಮಾಡಿಟ್ಟುಕೊಳ್ಳಿ. ಸೈಬೀರಿಯನ್ ಎಲ್ಮ್‌ನ ಎಲೆ ಸಣ್ಣದು, ಒಂದರಿಂದ ಮೂರು ಇಂಚು, ಅಂಚಿನಲ್ಲಿ ಒಂದೇ ಸಾಲು ಹಲ್ಲು, ಬುಡ ಎರಡೂ ಕಡೆ ಹೆಚ್ಚುಕಡಿಮೆ ಸಮ. ಅಮೆರಿಕನ್ ಎಲ್ಮ್‌ನ ಎಲೆ ಅದಕ್ಕಿಂತ ದೊಡ್ಡದು, ಹಲ್ಲಿನ ಮೇಲೆ ಮರಿಹಲ್ಲು ಇರುತ್ತದೆ, ಬುಡ ಓರೆ. ರೋಗಕ್ಕೆ ಸಿಗದೆ ಉಳಿದ ದೊಡ್ಡ ಅಮೆರಿಕನ್ ಎಲ್ಮ್ ಕಂಡರೆ ದಯವಿಟ್ಟು ಕೊಡಲಿ ಎತ್ತಬೇಡಿ. ಅಂಥ ಮರಗಳ ಬೀಜ ಮತ್ತು ಕೊಂಬೆಗಳಿಂದಲೇ ರೋಗ ತಾಳಿಕೊಳ್ಳುವ ಹೊಸ ತಳಿಗಳನ್ನು ಬೆಳೆಸುತ್ತಿದ್ದಾರೆ.

ನಿಮ್ಮ ಹಿತ್ತಿಲಿನ ಮರವಾದರೆ ಸರಿ. ನೆರೆಯವರದಾದರೆ ಕೇಳಿಯೇ ಕಡಿಯಿರಿ, ಬಹುಪಾಲು ಜನ ಸಂತೋಷದಿಂದಲೇ ಕೊಡುತ್ತಾರೆ. ಮರ ಕಡಿಯುವ ಗುತ್ತಿಗೆಯವರನ್ನು ಕೇಳಿದರೂ ಕಾಂಡ ಸಿಗುತ್ತದೆ. ಉದ್ಯಾನ, ನದಿ ದಂಡೆ, ಸರ್ಕಾರಿ ಕಾಡುಗಳಿಂದ ಲಿಖಿತ ಅನುಮತಿ ಇಲ್ಲದೆ ತರುವಂತಿಲ್ಲ.

ತೊಗಟೆಯ ವಿಷಯದಲ್ಲಿ ಒಂದು ಮಾತನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ರೋಗ ಹರಡುವ ಜೀರುಂಡೆ ಮೊಟ್ಟೆ ಇಡುವುದು ಹೊಸದಾಗಿ ಸತ್ತ ಅಥವಾ ಕಡಿದ ಎಲ್ಮ್‌ನ ತೊಗಟೆಯ ಕೆಳಗೆ. ತೊಗಟೆ ಸಮೇತ ಕಾಂಡವನ್ನು ಅಂಗಳದಲ್ಲಿ ಒಟ್ಟಿಟ್ಟರೆ ಜೀರುಂಡೆಗೆ ತೊಟ್ಟಿಲು ಕಟ್ಟಿಕೊಟ್ಟಂತಾಗುತ್ತದೆ. ಹಲವು ನಗರಗಳಲ್ಲಿ ತೊಗಟೆಯಿರುವ ಎಲ್ಮ್ ಸೌದೆಯನ್ನು ಇಟ್ಟುಕೊಳ್ಳುವುದಕ್ಕೂ ಸಾಗಿಸುವುದಕ್ಕೂ ನಿರ್ಬಂಧವಿದೆ. ಕಡಿದ ಕೂಡಲೇ ತೊಗಟೆ ತೆಗೆಯಿರಿ, ತೆಗೆದದ್ದನ್ನು ಸುಟ್ಟುಬಿಡಿ ಅಥವಾ ನಗರಸಭೆ ಹೇಳಿದ ರೀತಿಯಲ್ಲಿ ವಿಲೇವಾರಿ ಮಾಡಿ.

ಬೇಸಿಗೆಯಲ್ಲಿ ಕಡಿದರೆ ತೊಗಟೆ ಒಂದೇ ಎಳೆತಕ್ಕೆ ಬಾಳೆಪಟ್ಟೆಯಷ್ಟು ಸಲೀಸಾಗಿ ಬರುತ್ತದೆ, ಆದರೆ ತೆರೆದ ಮೈ ಬೇಗ ಒಣಗಿ ಬಿರುಕು ಬಿಡುತ್ತದೆ. ಚಳಿಗಾಲದಲ್ಲಿ ಕಡಿದರೆ ತೊಗಟೆ ಕಚ್ಚಿಕೊಂಡಿರುತ್ತದೆ, ಒಣಗುವುದು ಮಾತ್ರ ನಿಧಾನ ಮತ್ತು ಸಮ. ಹೊಸಬರಿಗೆ ಚಳಿಗಾಲವೇ ವಾಸಿ. ಹೊರ ತೊಗಟೆಯನ್ನು ಎರಡೂ ತುದಿಗೆ ಹಿಡಿಯಿರುವ ಡ್ರಾ ನೈಫಿನಿಂದ ಕೆರೆಯಿರಿ. ಕೆಳಗಿನ ನಾರು ತೊಗಟೆಯ ಹತ್ತಿರ ಬಂದಾಗ ಕತ್ತಿ ಇಟ್ಟು, ಮೊಂಡು ಅಲಗಿನಿಂದ ಸಾವಧಾನವಾಗಿ ಉಜ್ಜಿ ತೆಗೆಯಿರಿ. ಮರದ ಮೈಗೆ ಒಂದು ಗೀರೂ ಬೀಳಬಾರದು. ಆ ನಾರನ್ನು ಉದ್ದುದ್ದಕ್ಕೆ ಬಿಡಿಸಿಕೊಂಡರೆ ಗಟ್ಟಿ ಹುರಿ ಹೊಸೆಯಬಹುದು, ಬಿಲ್ಲಿನ ಹಿಡಿಗೆ ಸುತ್ತಲು ಬಹಳ ಚೆಂದ.

ಸೀಳಿ ಒಣಗಿಸುವುದು

ಕಡಿದ ಗಳಿಗೆಯಲ್ಲೇ ಎರಡೂ ತುದಿಗೆ ಮರದ ಅಂಟನ್ನೋ ಪೇಂಟನ್ನೋ ದಪ್ಪಗೆ ಬಳಿಯಿರಿ. ನೀರು ತುದಿಗಳಿಂದ ಬೇಗ ಆರುತ್ತದೆ. ಬಳಿಯದಿದ್ದರೆ ಸಂಜೆಯೊಳಗೆ ತುದಿ ಸೀಳಲು ಶುರು.

ಎಲ್ಮ್ ಕಾಂಡವನ್ನು ಬರೀ ಬೆಣೆ ಹೊಡೆದು ಸೀಳಲು ಹೋದರೆ ಸೀಳು ಎಲ್ಲೆಲ್ಲೋ ಓಡಿ ಕಾಂಡವೇ ಹಾಳಾಗಬಹುದು. ಸುಣ್ಣದ ದಾರ ಹಿಡಿದು ಕಾಂಡದ ಎರಡೂ ಬದಿಗೆ ಎದುರುಬದುರು ಗೆರೆ ಹಾಕಿ. ಸರ್ಕ್ಯುಲರ್ ಗರಗಸದಿಂದ ಆ ಗೆರೆಗಳ ಮೇಲೆ ಒಂದೂವರೆ ಎರಡು ಇಂಚು ಆಳಕ್ಕೆ ಕೊಯ್ಯಿರಿ. ಆಮೇಲೆ ಒಂದು ತುದಿಯಿಂದ ಬೆಣೆ ಹೊಡೆಯುತ್ತ ಬನ್ನಿ. ಸೀಳಿನೊಳಗೆ ಅಡ್ಡಡ್ಡ ಹಿಡಿದುಕೊಂಡ ನಾರುಗಳು ಕಾಣುತ್ತವೆ. ಅವನ್ನು ಚಿಕ್ಕ ಕೊಡಲಿಯಿಂದ ಕಡಿದು ಮುಂದುವರಿಯಿರಿ. ಐದು ಇಂಚಿನ ಕಾಂಡದಿಂದ ಎರಡು ತುಂಡು, ಎಂಟು ಇಂಚಿನದರಿಂದ ನಾಲ್ಕು ತುಂಡು ನಿರೀಕ್ಷಿಸಬಹುದು.

ಇಡೀ ತುಂಡನ್ನು ಹಾಗೇ ಒಣಗಿಸಲು ಇಟ್ಟರೆ ವರ್ಷ ಹಿಡಿಯುತ್ತದೆ. ಹಸಿ ಇರುವಾಗಲೇ ಬಿಲ್ಲಿನ ಆಕಾರವನ್ನು ದಪ್ಪದಪ್ಪವಾಗಿ ತೆಗೆದುಬಿಡುವುದು ಜಾಣತನ: ಅಗಲ ಎರಡೂವರೆ ಇಂಚು, ತೋಳುಗಳ ದಪ್ಪ ಒಂದು ಇಂಚು, ನಡುವೆ ಹಿಡಿಯ ಜಾಗದಲ್ಲಿ ಎರಡು ಇಂಚು. ಬೆನ್ನಿಗೆ ಷೆಲ್ಯಾಕ್ ಅಥವಾ ಅಂಟು ಬಳಿದು, ನೆಟ್ಟಗಿರುವ ಹಲಗೆಗೆ ಕ್ಲಾಂಪ್ ಹಾಕಿ ಕಟ್ಟಿ, ಬಿಸಿಲು ಬೀಳದ, ಗಾಳಿಯಾಡುವ ಕಡೆ ಇಡಿ. ಮೊದಲ ಎರಡು ಮೂರು ವಾರ ಗ್ಯಾರೇಜಿನಲ್ಲಿ, ಆಮೇಲೆ ಮನೆಯೊಳಗೆ. ವಾರಕ್ಕೊಮ್ಮೆ ಬಿಚ್ಚಿ ತೂಗಿ, ತೂಕವನ್ನು ಅದರ ಮೇಲೇ ಪೆನ್ಸಿಲಿನಿಂದ ಬರೆಯಿರಿ. ತೂಕ ಇಳಿಯುವುದು ನಿಂತಾಗ ಮರ ಒಣಗಿತು ಎಂದರ್ಥ. ಎರಡರಿಂದ ನಾಲ್ಕು ತಿಂಗಳು ಇಟ್ಟುಕೊಳ್ಳಿ.

ಎಷ್ಟು ಒಣಗಬೇಕು? ಮರದಲ್ಲಿ ತೇವ ಶೇ 8ರಿಂದ 10ರಷ್ಟಿರಬೇಕು. ಕೋಣೆಯ ಗಾಳಿಯ ತೇವಾಂಶ ಶೇ 50ರ ಸುತ್ತ ಇದ್ದರೆ ಮರ ತಾನಾಗಿ ಶೇ 9ಕ್ಕೆ ಬಂದು ನಿಲ್ಲುತ್ತದೆ. ಚಳಿಗಾಲದಲ್ಲಿ ಹೀಟರ್ ಉರಿಯುವ ಕೊಲೊರಾಡೊದ ಮನೆಯಲ್ಲಿ ಗಾಳಿಯ ತೇವಾಂಶ ಶೇ 30ಕ್ಕೂ ಇಳಿಯುತ್ತದೆ. ಆಗ ಮರ ಶೇ 6ಕ್ಕೆ ಇಳಿದು ಪೆಡಸಾಗುತ್ತದೆ, ಎಳೆದಾಗ ಮುರಿಯಬಹುದು. ಹಸಿ ಉಳಿದರೆ ಮುರಿಯುವುದಿಲ್ಲ, ಆದರೆ ಬಾಗಿದ್ದು ಬಾಗಿದಂತೆಯೇ ಉಳಿದು ಬಿಲ್ಲು ಸತ್ವ ಕಳೆದುಕೊಳ್ಳುತ್ತದೆ. ಬಿಲ್ಲು ಕೆಟ್ಟ ಕಥೆಗಳಲ್ಲಿ ಅರ್ಧಕ್ಕೂ ಹೆಚ್ಚು ಈ ಒಣಗಿಸುವ ಹಂತದ ಆತುರದಿಂದ ಹುಟ್ಟಿದವು ಎಂಬುದು ನನ್ನ ಎಣಿಕೆ.

ಅಳತೆ

28 ಇಂಚು ಎಳೆಯುವ ಸಾಮಾನ್ಯ ಎತ್ತರದವರಿಗೆ, 35ರಿಂದ 40 ಪೌಂಡ್ ಎಳೆತದ ಬಿಲ್ಲಿಗೆ, ಒಟ್ಟು ಉದ್ದ 68 ಇಂಚು ಇರಲಿ. ನಡುವೆ ನಾಲ್ಕು ಇಂಚು ಹಿಡಿ, ಅದರ ಅಗಲ ಒಂದೂಕಾಲು ಇಂಚು. ಹಿಡಿಯ ಎರಡೂ ಬದಿಗೆ ಎರಡೆರಡು ಇಂಚಿನ ಇಳಿಜಾರು, ಅಲ್ಲಿ ದಪ್ಪ ಕಡಿಮೆಯಾಗುತ್ತ, ಅಗಲ ಹೆಚ್ಚುತ್ತ ಹೋಗುತ್ತದೆ. ಅಲ್ಲಿಂದ ಮುಂದೆ ತಲಾ 30 ಇಂಚಿನ ಎರಡು ತೋಳುಗಳು. ತೋಳಿನ ಮೊದಲ ಅರ್ಧ ಎರಡು ಇಂಚು ಅಗಲ, ಉಳಿದರ್ಧ ಸರಳ ರೇಖೆಯಲ್ಲಿ ಕಿರಿದಾಗುತ್ತ ತುದಿಯಲ್ಲಿ ಅರ್ಧ ಇಂಚು. ಆರಂಭದಲ್ಲಿ ತುದಿಯನ್ನು ಮುಕ್ಕಾಲು ಇಂಚಿನಲ್ಲೇ ಬಿಡಿ. ಹೆದೆ ಒಂದು ಪಕ್ಕಕ್ಕೆ ವಾಲಿದರೆ ತಿದ್ದಲು ಮರ ಉಳಿದಿರಬೇಕು.

ನಡುಗೆರೆ ಎಳೆಯಲು ಅಳತೆಪಟ್ಟಿಯನ್ನೇ ನಂಬಬೇಡಿ. ಎರಡೂ ತುದಿಗೆ ದಾರ ಬಿಗಿದು ನೋಡಿ. ನಾರು ಎಲ್ಲಾದರೂ ಸ್ವಲ್ಪ ಬಳುಕಿದ್ದರೆ ಅಂಚಿನ ಗೆರೆಯೂ ಅದರ ಜೊತೆಗೇ ಬಳುಕಲಿ. ನಾರನ್ನು ಕತ್ತರಿಸಿ ನೇರ ಮಾಡಿದ ಬಿಲ್ಲಿಗಿಂತ ನಾರಿನೊಂದಿಗೆ ವಕ್ರವಾಗಿ ಹೋದ ಬಿಲ್ಲು ಹೆಚ್ಚು ಬಾಳುತ್ತದೆ. ಚಿಕ್ಕ ಗಂಟು ಸಿಕ್ಕರೆ ಅದರ ಸುತ್ತ ಅಗಲವನ್ನು ತುಸು ಹೆಚ್ಚು ಬಿಡಿ.

ಪಕ್ಕಗಳನ್ನು ಅರದಿಂದ ನಯ ಮಾಡಿದ ಮೇಲೆ ಪಕ್ಕದಲ್ಲಿ ದಪ್ಪದ ಗೆರೆ ಹಾಕಿ: ತೋಳು ಶುರುವಾಗುವಲ್ಲಿ ಮುಕ್ಕಾಲು ಇಂಚು, ತುದಿಯಲ್ಲಿ ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು. ಈ ಗೆರೆಯನ್ನು ಬೆನ್ನಿನ ಮೈಯಿಂದ ಅಳೆದು ಹಾಕಬೇಕು. ಬೆನ್ನು ಏರಿಳಿದಲ್ಲಿ ಗೆರೆಯೂ ಏರಿಳಿಯಲಿ. ಇನ್ನು ಮುಂದೆ ಮರ ತೆಗೆಯುವುದು ಹೊಟ್ಟೆಯ ಕಡೆಯಿಂದ ಮಾತ್ರ.

ಬಾಗು ತಿದ್ದುವುದು

ಈವರೆಗಿನದು ಬಡಗಿ ಕೆಲಸ. ಬಿಲ್ಲು ಮಾಡುವ ವಿದ್ಯೆ ಶುರುವಾಗುವುದು ಇಲ್ಲಿ. ಎರಡೂ ತೋಳು ಉದ್ದಕ್ಕೂ ಸಮನಾಗಿ ಬಾಗುವಂತೆ ಸ್ವಲ್ಪಸ್ವಲ್ಪವೇ ಮರ ತೆಗೆಯುವ ಈ ಕೆಲಸಕ್ಕೆ ಬಿಲ್ಲುಗಾರರು ಟಿಲ್ಲರಿಂಗ್ ಎನ್ನುತ್ತಾರೆ.

ಒಂದು ಲೆಕ್ಕ ತಲೆಯಲ್ಲಿರಲಿ. ತೋಳಿನ ಬಿಗಿ ಅಗಲಕ್ಕೆ ನೇರ ಅನುಪಾತದಲ್ಲಿರುತ್ತದೆ, ದಪ್ಪಕ್ಕಾದರೋ ಅದರ ಘನದ ಅನುಪಾತದಲ್ಲಿ. ಅಗಲವನ್ನು ಶೇ 10 ಕಡಿಮೆ ಮಾಡಿದರೆ ಬಿಗಿ ಶೇ 10 ಇಳಿಯುತ್ತದೆ. ದಪ್ಪವನ್ನು ಶೇ 10 ಕಡಿಮೆ ಮಾಡಿದರೆ ಶೇ 27 ಇಳಿಯುತ್ತದೆ. ಅರ್ಧ ಇಂಚು ದಪ್ಪದ ತೋಳಿನಲ್ಲಿ ಶೇ 10 ಎಂದರೆ ಒಂದು ಮಿಲಿಮೀಟರಿಗಿಂತ ತುಸುವೇ ಹೆಚ್ಚು. ಒರಟು ಅರದ ಕೆಲವೇ ಎಳೆತಗಳಲ್ಲಿ ಅಷ್ಟು ಮರ ಹೋಗಿಬಿಡುತ್ತದೆ. ಬಾಗು ತಿದ್ದುವಾಗ ಕೊಡಲಿ, ಡ್ರಾ ನೈಫುಗಳನ್ನು ಗೋಡೆಗೆ ತೂಗುಹಾಕಿ, ಅರ ಮತ್ತು ಕೆರೆಯುವ ತಗಡಿನಿಂದಲೇ ಕೆಲಸ ಮಾಡಬೇಕು ಎನ್ನುವುದು ಇದಕ್ಕೇ.

ಮೊದಲಿಗೆ ಒಂದು ತುದಿಯನ್ನು ನೆಲಕ್ಕೆ ಊರಿ, ಹಿಡಿಯನ್ನು ಮುಂದಕ್ಕೆ ಒತ್ತಿ, ತೋಳು ಹೇಗೆ ಬಾಗುತ್ತದೆ ನೋಡಿ. ಆಮೇಲೆ ಇನ್ನೊಂದು ತೋಳು. ಎರಡೂ ಒಂದೇ ಬಲಕ್ಕೆ ಒಂದೇ ಬಗೆಯಲ್ಲಿ ಮಣಿಯುವವರೆಗೆ ಕೆರೆಯಿರಿ. ತುದಿಗಳಲ್ಲಿ ಹೆದೆ ಕೂರಲು ಓರೆಯಾಗಿ ಕಚ್ಚು ಕೊಯ್ಯಿರಿ, ಬೆನ್ನಿನ ಮೇಲೆ ಕೊಯ್ಯಬೇಡಿ, ಪಕ್ಕಗಳಲ್ಲಿ ಮಾತ್ರ.

ಮುಂದಿನ ಹಂತಕ್ಕೆ ಗೋಡೆಯ ಮೇಲೆ ಒಂದು ಗೂಟ ಬೇಕು, ಕೆಳಗೆ ನೆಲದ ಹತ್ತಿರ ಒಂದು ರಾಟೆ. ಬಿಲ್ಲಿನ ಹಿಡಿಯನ್ನು ಗೂಟದ ಮೇಲಿಟ್ಟು, ಸಡಿಲವಾದ ಉದ್ದ ಹೆದೆ ಕಟ್ಟಿ, ಹಗ್ಗವನ್ನು ರಾಟೆಯ ಮೂಲಕ ಹಾಯಿಸಿ ನಾಲ್ಕಾರು ಅಡಿ ದೂರ ನಿಂತು ಎಳೆಯಿರಿ. ದೂರ ನಿಲ್ಲುವುದರಿಂದ ಎರಡು ಲಾಭ. ಇಡೀ ಬಾಗು ಒಂದೇ ನೋಟಕ್ಕೆ ಸಿಗುತ್ತದೆ, ಬಿಲ್ಲು ಸಿಡಿದರೆ ಮುಖಕ್ಕೆ ತಾಗುವುದಿಲ್ಲ. ಕಣ್ಣಿನ ರಕ್ಷಣೆಯ ಕನ್ನಡಕ ಹಾಕದೆ ಈ ಕೆಲಸಕ್ಕೆ ನಿಲ್ಲಲೇಬೇಡಿ. ಗೋಡೆಯ ಮೇಲೆ ಚೌಕ ಗೆರೆಗಳನ್ನು ಬರೆದುಕೊಂಡರೆ ಎಡಬಲ ಹೋಲಿಸುವುದು ಸುಲಭ. ಪ್ರತಿ ಹಂತದಲ್ಲೂ ಫೋಟೊ ತೆಗೆದು ನೋಡಿ, ಕಣ್ಣು ತಪ್ಪಿಸಿಕೊಂಡದ್ದನ್ನು ಚಿತ್ರ ತೋರಿಸುತ್ತದೆ.

ಎಲ್ಲಿ ಬಾಗುತ್ತಿಲ್ಲವೋ ಅಲ್ಲಿ ಕೆರೆಯಬೇಕು, ಎಲ್ಲಿ ಹೆಚ್ಚು ಬಾಗುತ್ತಿದೆಯೋ ಅದನ್ನು ಮುಟ್ಟಬಾರದು. ಕೇಳಲು ಇಷ್ಟೇ. ಮಾಡುವಾಗ ಕಣ್ಣು ಮೋಸಹೋಗುತ್ತದೆ. ಅದಕ್ಕೊಂದು ಉಪಾಯವಿದೆ. ಆರು ಇಂಚಿನ ನೇರ ಮರದ ತುಂಡಿನ ನಡುವೆ ತೂತು ಕೊರೆದು ಪೆನ್ಸಿಲ್ ಸಿಕ್ಕಿಸಿ. ಬಿಲ್ಲು ಎಳೆದ ಸ್ಥಿತಿಯಲ್ಲಿ ಅದನ್ನು ಹೊಟ್ಟೆಯ ಮೇಲೆ ಸರಿಸಿ, ತೋಳು ಅತಿ ಹೆಚ್ಚು ಬಾಗಿರುವ ಕಡೆ ಪೆನ್ಸಿಲ್ ಮರವನ್ನು ಕೂದಲೆಳೆಯಷ್ಟು ಅಂತರದಲ್ಲಿ ಮುಟ್ಟದೆ ನಿಲ್ಲುವಂತೆ ಅದರ ಉದ್ದವನ್ನು ಹೊಂದಿಸಿ. ಈಗ ತೋಳಿನ ಉದ್ದಕ್ಕೂ ಸರಿಸಿದರೆ ಕಡಿಮೆ ಬಾಗಿದ ಕಡೆಗಳಲ್ಲೆಲ್ಲ ಪೆನ್ಸಿಲ್ ಗುರುತು ಬೀಳುತ್ತದೆ. ಗುರುತು ಬಿದ್ದಲ್ಲಿ ಕೆರೆಯಿರಿ. ಎಳೆದ ಬಿಲ್ಲಿನ ಹತ್ತಿರ ಕೈ ಹೋಗುವ ಕೆಲಸವಾದ್ದರಿಂದ ಸ್ವಲ್ಪವೇ ಎಳೆದ ಸ್ಥಿತಿಯಲ್ಲಿ, ಹಗ್ಗವನ್ನು ಭದ್ರವಾಗಿ ಕಟ್ಟಿ ಮಾಡಿ.

ಪ್ರತಿ ಸಲ ಕೆರೆದ ಮೇಲೆ ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಎಳೆದು ಬಿಡಿ. ತೆಗೆದ ಮರದ ಪರಿಣಾಮ ಆಗಲೇ ಕಾಣುವುದಿಲ್ಲ, ನಾರುಗಳು ಹೊಸ ಹಂಚಿಕೆಗೆ ಒಗ್ಗಿದ ಮೇಲೆ ಕಾಣುತ್ತದೆ. ಇದನ್ನು ಮಾಡದೆ ಮತ್ತೆ ಕೆರೆದವರು ಬೇಕಾದ್ದಕ್ಕಿಂತ ಹತ್ತು ಪೌಂಡ್ ಕಡಿಮೆಯ ಬಿಲ್ಲನ್ನು ಪಡೆಯುತ್ತಾರೆ.

ಇದಕ್ಕಿಂತ ದೊಡ್ಡ ಇನ್ನೊಂದು ನಿಯಮ: ಬಿಲ್ಲು ಕೊನೆಗೆ ಎಷ್ಟು ಪೌಂಡಿನದಾಗಬೇಕೋ ಅದಕ್ಕಿಂತ ಹೆಚ್ಚು ಬಲವನ್ನು ಯಾವ ಹಂತದಲ್ಲೂ ಹಾಕಬಾರದು. 40 ಪೌಂಡಿನ ಬಿಲ್ಲು ಬೇಕಿದ್ದರೆ ಹಗ್ಗಕ್ಕೆ ತಕ್ಕಡಿ ಸಿಕ್ಕಿಸಿ, 40 ತೋರಿಸಿದ ಕೂಡಲೇ ನಿಲ್ಲಿಸಿ. ಅದು 12 ಇಂಚಿನಲ್ಲೇ ಬರಲಿ, 20 ಇಂಚಿನಲ್ಲೇ ಬರಲಿ. ಬಾಗಿನಲ್ಲಿ ಕುಂದು ಕಂಡರೂ ಅಲ್ಲೇ ನಿಲ್ಲಿಸಿ, ತಿದ್ದಿ, ಆಮೇಲೆ ಮುಂದಕ್ಕೆ. ಕುಂದು ಇರುವಾಗ ಇನ್ನಷ್ಟು ಎಳೆದರೆ ಆ ಜಾಗದ ಹೊಟ್ಟೆಯ ನಾರು ಜಜ್ಜಿಹೋಗುತ್ತದೆ. ಅಡ್ಡಡ್ಡಲಾಗಿ ಕೂದಲಿನಷ್ಟು ಸಣ್ಣ ಸುಕ್ಕಿನ ಗೆರೆಗಳು ಮೂಡಿದರೆ ಅದೇ ಆ ಗಾಯದ ಗುರುತು. ಅದಕ್ಕೆ ಮದ್ದಿಲ್ಲ. ಸುತ್ತಲಿನ ಮರ ಕೆರೆದು ಬಿಲ್ಲನ್ನು ಹಗುರ ಮಾಡಿ ಉಳಿಸಿಕೊಳ್ಳಬಹುದು, ಅಷ್ಟೆ.

ಉದ್ದ ಹೆದೆಯಲ್ಲಿ ತುದಿಗಳು ಐದಾರು ಇಂಚು ಸಮನಾಗಿ ಇಳಿಯುವಂತಾದಾಗ ಚಿಕ್ಕ ಹೆದೆ ಕಟ್ಟಿ ಬಿಲ್ಲನ್ನು ಏರಿಸಿ. ಮೊದಲಿಗೆ ಹಿಡಿಗೂ ಹೆದೆಗೂ ಮೂರು ಇಂಚು ಅಂತರ ಸಾಕು. ಆ ಬಾಗು ಸರಿಯಾದ ಮೇಲೆ ಆರು ಇಂಚು. ಹೆದೆ ಹಿಡಿಯ ನಡುವಿನಲ್ಲಿ ಹಾದುಹೋಗುತ್ತಿದೆಯೇ ನೋಡಿ. ಒಂದು ಪಕ್ಕಕ್ಕೆ ವಾಲಿದ್ದರೆ ತುದಿಯಲ್ಲಿ ಉಳಿಸಿಕೊಂಡ ಹೆಚ್ಚಿನ ಅಗಲದಿಂದ ತಿದ್ದಿ, ಅದಕ್ಕೂ ಬಗ್ಗದಿದ್ದರೆ ಆ ಜಾಗಕ್ಕೆ ಹೀಟ್ ಗನ್ನಿನಿಂದ ಬಿಸಿ ಕೊಟ್ಟು ಮೆಲ್ಲಗೆ ತಿರುವಿ. ಕೆಳಗಿನ ತೋಳು ಮೇಲಿನದಕ್ಕಿಂತ ಎಳ್ಳಷ್ಟು ಬಿಗಿಯಾಗಿರಲಿ. ನಾವು ಬಿಲ್ಲನ್ನು ನಟ್ಟನಡುವಿಗಿಂತ ಸ್ವಲ್ಪ ಕೆಳಗೆ ಹಿಡಿಯುವುದರಿಂದ ಆ ತೋಳಿನ ಮೇಲೆ ಭಾರ ಹೆಚ್ಚು. ಹೀಗೆ ಇಂಚಿಂಚಾಗಿ 28 ಇಂಚಿಗೆ ಬನ್ನಿ. ಕೊನೆಯ ಮರಳುಕಾಗದದ ಉಜ್ಜಾಟದಲ್ಲೂ ಒಂದೆರಡು ಪೌಂಡ್ ಇಳಿಯುತ್ತದೆ, ಅಷ್ಟನ್ನು ಮೊದಲೇ ಉಳಿಸಿಕೊಳ್ಳಿ.

ಹೊಟ್ಟೆಗೆ ಕಾವು

ಎಲ್ಮ್‌ಗೆ ಹೊಟ್ಟೆಯ ಕಡೆ ಬಲ ಕಡಿಮೆ ಎಂದೆನಲ್ಲ, ಅದಕ್ಕೆ ಬೆಂಕಿಯ ಚಿಕಿತ್ಸೆ ಚೆನ್ನಾಗಿ ಫಲ ಕೊಡುತ್ತದೆ. ಬಿಲ್ಲು ಅರ್ಧದಷ್ಟು ಎಳೆತಕ್ಕೆ ಬಂದ ಹಂತದಲ್ಲಿ, ತುದಿಗಳು ಹಿಡಿಗಿಂತ ಒಂದು ಇಂಚು ಬೆನ್ನಿನ ಕಡೆಗೆ ವಾಲುವಂತೆ ಹಲಗೆಗೆ ಕ್ಲಾಂಪ್ ಮಾಡಿ, ಹೊಟ್ಟೆಗೆ ಮೂರು ನಾಲ್ಕು ಇಂಚು ದೂರದಿಂದ ಹೀಟ್ ಗನ್ ಹಿಡಿಯಿರಿ. ಮರ ತಿಳಿಗಂದು ಬಣ್ಣಕ್ಕೆ ತಿರುಗುವವರೆಗೆ ಒಂದೇ ಕಡೆ ಹಿಡಿದು, ಆಮೇಲೆ ಮುಂದಿನ ಮೂರು ಇಂಚಿಗೆ ಹೋಗಿ. ಬೆನ್ನಿಗೆ ಕಾವು ತಟ್ಟಬಾರದು. ಕಾಯಿಸಿದ ಮರ ಒಣಗಿ ಪೆಡಸಾಗಿರುವುದರಿಂದ ವಾರವಾದರೂ ಸುಮ್ಮನೆ ಬಿಟ್ಟು, ಗಾಳಿಯ ತೇವ ಹೀರಿಕೊಂಡ ಮೇಲೆಯೇ ಬಾಗಿಸಬೇಕು. ಈ ಕೆಲಸದಿಂದ ಬಿಲ್ಲಿನ ಬಿಗಿ ಹೆಚ್ಚುತ್ತದೆ, ಎಳೆದು ಬಿಟ್ಟ ಮೇಲೆ ನೆಟ್ಟಗಾಗುವ ಗುಣವೂ ಹೆಚ್ಚುತ್ತದೆ.

ಹೆದೆ, ಎಣ್ಣೆ, ಅಂಬು

ಹೆದೆಗೆ ನೈಲಾನ್ ಬೇಡ, ಅದು ಹಿಗ್ಗುತ್ತದೆ. ಡೇಕ್ರಾನ್ ಎಂಬ ಪಾಲಿಯೆಸ್ಟರ್ ನೂಲಿನ 12ರಿಂದ 14 ಎಳೆ ಹೊಸೆದು, ಮೇಣ ತಿಕ್ಕಿ, ಒಂದು ತುದಿಗೆ ಕುಣಿಕೆ ಹಾಕಿ, ಇನ್ನೊಂದನ್ನು ಕೆಳತುದಿಗೆ ಗಂಟು ಹಾಕಿಕೊಳ್ಳಿ. ಉದ್ದ ಹೆಚ್ಚುಕಡಿಮೆ ಮಾಡಲು ಇದರಿಂದ ಅನುಕೂಲ. ಹಿಗ್ಗದ ಹೊಸ ಬಗೆಯ ನೂಲುಗಳು ಅಂಬಿಗೆ ವೇಗ ಕೊಡುತ್ತವೆ, ಆದರೆ ಬರಿಯ ಮರದ ಕಚ್ಚನ್ನು ಸೀಳಬಲ್ಲವು. ಮೊದಲ ಬಿಲ್ಲಿಗೆ ಡೇಕ್ರಾನೇ ಸರಿ.

ಬೆನ್ನಿನ ಅಂಚುಗಳನ್ನು ದುಂಡಗೆ ಮಾಡಿ, ಚೂಪು ಅಂಚಿನಿಂದಲೇ ಸಿಬರು ಏಳುವುದು. ಕುದಿಸಿದ ಅಗಸೆ ಎಣ್ಣೆ ಅಥವಾ ಟಂಗ್ ಎಣ್ಣೆಯನ್ನು ತೆಳ್ಳಗೆ ನಾಲ್ಕೈದು ಸಲ ಹಚ್ಚಿ ಒಣಗಿಸಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ತಾನಾಗಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರವಿ ಒಣಗಿಸಿ, ಆಮೇಲೆ ಎಸೆಯಿರಿ.

ಅಂಬು ತೀರ ಹಗುರವಾದರೆ ಬಿಲ್ಲಿನ ಶಕ್ತಿ ಅಂಬಿಗೆ ಹೋಗದೆ ಬಿಲ್ಲಿಗೇ ಮರಳಿ ಬಡಿಯುತ್ತದೆ. 40 ಪೌಂಡಿನ ಬಿಲ್ಲಿಗೆ 26 ಗ್ರಾಂ ಆಸುಪಾಸಿನ ಮರದ ಅಂಬು ಒಳ್ಳೆಯದು. ಅಂಬಿಲ್ಲದೆ ಬರಿ ಹೆದೆ ಎಳೆದು ಬಿಡುವುದಂತೂ ಬೇಡವೇ ಬೇಡ. ಮನೆಗೆ ಬಂದವರು ಮೊದಲು ಮಾಡುವುದು ಅದನ್ನೇ, ಆದ್ದರಿಂದ ಕೈಗೆ ಕೊಡುವ ಮೊದಲೇ ಹೇಳಿಬಿಡಿ. ಬಿಟ್ಟಾದ ಮೇಲೆ ಹೆದೆ ಇಳಿಸಿ, ಬಿಲ್ಲನ್ನು ಅಡ್ಡಲಾಗಿ ಎರಡು ಗೂಟದ ಮೇಲಿಡಿ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಆ ಕಾವಿಗೆ ಬಿಲ್ಲು ಕೆಡುತ್ತದೆ.

ಕರ್ನಾಟಕದಲ್ಲಿ ಓದುತ್ತಿರುವವರಿಗೆ

ಇಂಗ್ಲಿಷ್ ಪುಸ್ತಕಗಳು ಇಂಡಿಯನ್ ಎಲ್ಮ್ ಎಂದು ಕರೆಯುವುದು ನಮ್ಮ ತಪಸಿ ಮರವನ್ನು. ಎಲ್ಮ್‌ನ ಕುಟುಂಬಕ್ಕೇ ಸೇರಿದರೂ ಅದು ಬೇರೆ ಕುಲದ ಮರ. ಇಲ್ಲಿ ಕೊಟ್ಟ ಅಳತೆ, ಹದಗಳನ್ನು ಅದಕ್ಕೆ ಹಾಗೇ ಹಚ್ಚುವಂತಿಲ್ಲ. ಸ್ವಂತ ಜಮೀನಿನ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ, ವೃಕ್ಷಾಧಿಕಾರಿಯ ಅನುಮತಿ ಕೇಳಬೇಕಾಗುತ್ತದೆ. ನಿಜವಾದ ಎಲ್ಮ್ ಭಾರತದಲ್ಲಿರುವುದು ಹಿಮಾಲಯದ ಕಡೆ. ದನಕರುಗಳ ಮೇವಿಗೆ ಸವರಿ ಸವರಿ ಅದೀಗ ಅಪಾಯದಲ್ಲಿರುವ ಮರಗಳ ಸಾಲಿಗೆ ಸೇರಿದೆ. ಅದರ ಗೋಜಿಗೆ ಹೋಗಬಾರದು.

ನಮ್ಮಲ್ಲಿ ಬಿಲ್ಲಿಗೆ ಬಿದಿರಿದೆ. ಜಾರ್ಖಂಡಿನ ದೀಪಿಕಾ ಕುಮಾರಿ ಬಿಲ್ಲುಗಾರಿಕೆ ಕಲಿಯಲು ಶುರುಮಾಡಿದ್ದು ಮನೆಯಲ್ಲಿ ಮಾಡಿದ ಬಿದಿರ ಬಿಲ್ಲಿನಿಂದ. ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಮರ ಮತ್ತು ಬಿದಿರಿನ ಬಿಲ್ಲಿಗೆಂದೇ ಇಂಡಿಯನ್ ರೌಂಡ್ ಎಂಬ ವಿಭಾಗವಿದೆ. ಬಿದಿರಿಗೂ ಬೆನ್ನನ್ನು ಮುಟ್ಟದೆ ಹೊಟ್ಟೆಯನ್ನು ಕೆರೆಯುವ ನಿಯಮ, ಸಮವಾಗಿ ಬಾಗಿಸುವ ಕ್ರಮ, ಅತಿಯಾಗಿ ಎಳೆಯದಿರುವ ಎಚ್ಚರ ಎಲ್ಲವೂ ಹೊಂದುತ್ತವೆ. ಗುರಿ ಮಾತ್ರ ಹುಲ್ಲಿನ ಹೊರೆಯೇ ಆಗಿರಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ.

ಎಲ್ಮ್ ಇರುವ ಊರಿನಲ್ಲಿರುವವರು ಎಲೆ ಉದುರುವ ಮೊದಲೇ ನಾಲ್ಕಾರು ಮರ ಗುರುತು ಮಾಡಿಟ್ಟು, ನವೆಂಬರಿನಿಂದ ಫೆಬ್ರವರಿಯೊಳಗೆ ಕಡಿಯಿರಿ. ಒಂದು ಕಾಂಡದಿಂದ ಕನಿಷ್ಠ ಎರಡು ತುಂಡು ಸಿಗುತ್ತವೆ. ಎರಡನ್ನೂ ಒಟ್ಟಿಗೆ ಒಣಗಿಸಿ, ಒಂದನ್ನು ಮನೆಯ ಮಕ್ಕಳಿಗೋ ಗೆಳೆಯರಿಗೋ ಕೊಟ್ಟು ಪಕ್ಕದಲ್ಲೇ ಕೂರಿಸಿಕೊಳ್ಳಿ. ಬಾಗಿನ ಕುಂದು ಒಬ್ಬರ ಕಣ್ಣಿಗೆ ತಪ್ಪಿದರೂ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ.